‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಮೀಟ್’ ಬರೆಯಬೇಕೇ, ‘ಮೀಟಿಂಗ್’ ಬರೆಯಬೇಕೇ?

ಹೇಮಾವತಿ_ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಕಾಫಿ ರಫ್ತು ಸಂಸ್ಥೆಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಹೊರದೇಶದ ಖರೀದಿದಾರರಿಗೆ ಕಾಫಿ ಬೀಜದ ಮಾದರಿ ಕಳುಹಿಸುವಾಗ ಜೊತೆಯಲ್ಲಿ ಒಂದು ಪತ್ರವೂ ಹೋಗುತ್ತದೆ. ಅವರು ಬೀಜವನ್ನು ಹುರಿದು, ರುಚಿ ನೋಡಿ, ತಮ್ಮ ಅಭಿಪ್ರಾಯದ ವರದಿಯನ್ನು ನಮಗೆ ಕಳುಹಿಸುತ್ತಾರೆ. ಕಳೆದ ವಾರ ಜರ್ಮನಿಯ ಖರೀದಿದಾರರೊಬ್ಬರಿಗೆ ಬರೆದ ಪತ್ರದ ಕೊನೆಯಲ್ಲಿ ನಾನು ‘ವಿ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಯುವರ್ ರಿಪೋರ್ಟ್’ ಎಂದು ಬರೆದಿದ್ದೆ. ನಮ್ಮ ವ್ಯವಸ್ಥಾಪಕರು ‘ರಿಸೀವಿಂಗ್’ ಎಂಬುದನ್ನು ‘ರಿಸೀವ್’ ಎಂದು ತಿದ್ದಿ, ಪಕ್ಕದಲ್ಲಿ ‘ಟು ಬಂದ ಮೇಲೆ ವಿ-ಒನ್’ (ಅಂದರೆ ಕ್ರಿಯಾಪದದ ಮೂಲರೂಪ) ಎಂದು ಬರೆದು ಹಿಂದಿರುಗಿಸಿದರು.

ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲಿ ಬಹುತೇಕರು ಇಂಗ್ಲಿಷನ್ನು ಇಂಥ ಸೂತ್ರಗಳ ಮೂಲಕವೇ ಕಲಿತಿದ್ದೇವೆ. ‘ಟು ಗೋ’, ‘ಟು ಈಟ್’, ‘ಟು ಸೀ’ ಎಂದು ಬಾಯಿಪಾಠ ಮಾಡಿದವರಿಗೆ ‘ಟು ರಿಸೀವಿಂಗ್’ ಎಂಬುದು ತಪ್ಪಾಗಿಯೇ ಕೇಳಿಸುತ್ತದೆ. ಆದರೆ ನಮಗೆ ಹೊರದೇಶದಿಂದ ಬರುವ ಪತ್ರಗಳಲ್ಲಿ ನಾನು ಸದಾ ಕಾಣುವುದು ‘ಇಂಗ್’ ಇರುವ ರೂಪವನ್ನೇ. ಯಾವುದು ಸರಿ ಎಂಬುದಷ್ಟೇ ಅಲ್ಲ, ಏಕೆ ಸರಿ ಎಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಕಾರಣ ಗೊತ್ತಿದ್ದರೆ ಹಿರಿಯರೊಂದಿಗೆ ಗೌರವದಿಂದಲೇ ಮಾತನಾಡಬಹುದು.

ನಿವೃತ್ತ_ಮೇಷ್ಟ್ರು_ಶಿವಮೊಗ್ಗ

ಹೇಮಾವತಿಯವರೇ, ನೀವು ಬರೆದದ್ದೇ ಸರಿ. ‘ವಿ ಲುಕ್ ಫಾರ್ವರ್ಡ್ ಟು ರಿಸೀವಿಂಗ್’ ಎಂಬುದೇ ಇಂಗ್ಲಿಷ್ ಬರವಣಿಗೆಯಲ್ಲಿ ಒಪ್ಪಿತವಾದ ರೂಪ. ನಿಮ್ಮ ವ್ಯವಸ್ಥಾಪಕರು ಹೇಳಿದ ಸೂತ್ರ ಸುಳ್ಳಲ್ಲ. ಅದು ಅನ್ವಯಿಸುವ ಜಾಗ ಇದಲ್ಲ, ಅಷ್ಟೇ.

ಇಂಗ್ಲಿಷಿನಲ್ಲಿ ‘ಟು’ ಎಂಬ ಪದ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಮೊದಲನೆಯದು, ಕ್ರಿಯಾಪದದ ಹಿಂದೆ ನಿಂತು ನಮ್ಮ ‘ಮಾಡಲು’, ‘ಹೋಗಲು’ ಎಂಬ ಅರ್ಥ ಕೊಡುವುದು; ‘ಐ ವಾಂಟ್ ಟು ಗೋ’ ಎಂಬ ವಾಕ್ಯದಲ್ಲಿರುವುದು ಈ ‘ಟು’. ಎರಡನೆಯದು, ನಾಮಪದದ ಹಿಂದೆ ನಿಂತು ನಮ್ಮ ‘ಗೆ’, ‘ಕ್ಕೆ’ ಪ್ರತ್ಯಯಗಳಂತೆ ಎರಡು ಸಂಗತಿಗಳ ಸಂಬಂಧವನ್ನು ಹೇಳುವುದು. ‘ಐ ವೆಂಟ್ ಟು ಮೈಸೂರು’ ಎಂಬಲ್ಲಿರುವುದು ಆ ‘ಟು’. ಇದನ್ನೇ ಪ್ರೆಪೊಸಿಷನ್ ಎನ್ನುತ್ತಾರೆ. ಪ್ರೆಪೊಸಿಷನ್ ಆದ ಮೇಲೆ ನಾಮಪದವೇ ಬರಬೇಕು. ಅಲ್ಲಿಗೆ ಕ್ರಿಯಾಪದವನ್ನು ತರಲೇಬೇಕಾದರೆ ಅದಕ್ಕೆ ‘ಇಂಗ್’ ಸೇರಿಸಿ ನಾಮಪದದ ರೂಪ ಕೊಡಬೇಕು. ‘ಬಿಫೋರ್ ಲೀವಿಂಗ್’, ‘ಆಫ್ಟರ್ ಈಟಿಂಗ್’, ‘ವಿದೌಟ್ ಆಸ್ಕಿಂಗ್’ ಎಂದು ಬರೆಯುವಾಗ ಯಾರಿಗೂ ಅನುಮಾನ ಬರುವುದಿಲ್ಲ. ‘ವಿದೌಟ್ ಆಸ್ಕ್’ ಎಂದು ನಮ್ಮ ಏಳನೆಯ ತರಗತಿಯ ಮಕ್ಕಳೂ ಬರೆಯುವುದಿಲ್ಲ. ‘ಟು’ ವಿಷಯದಲ್ಲಿ ಮಾತ್ರ ಗೊಂದಲವಾಗುವುದು ಅದು ಎರಡು ವೇಷಗಳಲ್ಲಿ ಬರುವುದರಿಂದ.

ಇಲ್ಲಿರುವುದು ಯಾವ ‘ಟು’ ಎಂದು ತಿಳಿಯಲು, ಅದರ ಮುಂದೆ ಬರಿಯ ನಾಮಪದವೊಂದನ್ನು ಇಟ್ಟು ನೋಡಬೇಕು. ‘ವಿ ಲುಕ್ ಫಾರ್ವರ್ಡ್ ಟು ಯುವರ್ ರಿಪೋರ್ಟ್’ ಎಂದು ಬರೆದರೆ ವಾಕ್ಯ ಸಂಪೂರ್ಣವಾಗಿದೆ, ಸರಿಯಾಗಿಯೂ ಇದೆ. ‘ವಿ ವಾಂಟ್ ಟು ಯುವರ್ ರಿಪೋರ್ಟ್’ ಎಂದರೆ ವಾಕ್ಯವೇ ಮುರಿದುಹೋಗುತ್ತದೆ. ಆದ್ದರಿಂದ ‘ಲುಕ್ ಫಾರ್ವರ್ಡ್’ ಜೊತೆಗಿರುವುದು ಪ್ರೆಪೊಸಿಷನ್. ಅದರ ಮುಂದೆ ‘ರಿಸೀವಿಂಗ್’, ‘ಮೀಟಿಂಗ್’, ‘ಹಿಯರಿಂಗ್’ ಎಂದೇ ಬರಬೇಕು.

ತುಮಕೂರು_ಪದವೀಧರ

ಮೇಷ್ಟ್ರೇ, ಬ್ಯಾಂಕ್ ಪರೀಕ್ಷೆಗಳಿಗೆ ತಯಾರಿ ನಡೆಸುತ್ತಿರುವುದರಿಂದ ಈ ವಿಷಯ ನನಗೂ ಬೇಕಾಗಿತ್ತು. ದೋಷ ಗುರುತಿಸುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ತಾವು ಹೇಳಿದ ಪರೀಕ್ಷೆಯ ಬಗ್ಗೆ ನನ್ನದೊಂದು ಸಂದೇಹವಿದೆ. ‘ಅಗ್ರೀ’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳೋಣ. ‘ದೇ ಅಗ್ರೀಡ್ ಟು ದ ಕಂಡಿಷನ್ಸ್’ ಎಂದು ನಾಮಪದ ಹಾಕಿ ಬರೆಯಬಹುದು. ಹಾಗಿದ್ದರೆ ತಮ್ಮ ಲೆಕ್ಕದ ಪ್ರಕಾರ ‘ದೇ ಅಗ್ರೀಡ್ ಟು ಪೇಯಿಂಗ್’ ಎಂದೇ ಬರೆಯಬೇಕಲ್ಲವೇ? ಆದರೆ ಎಲ್ಲರೂ ಬರೆಯುವುದು ‘ದೇ ಅಗ್ರೀಡ್ ಟು ಪೇ’ ಎಂದು. ‘ಯೂಸ್ಡ್ ಟು’ ಕೂಡ ಹೀಗೆಯೇ ಕಾಡುತ್ತದೆ. ‘ಯೂಸ್ಡ್ ಟು ಗೋ’ ಎಂದೂ ನೋಡಿದ್ದೇನೆ, ‘ಯೂಸ್ಡ್ ಟು ಗೋಯಿಂಗ್’ ಎಂದೂ ನೋಡಿದ್ದೇನೆ.

ನಿವೃತ್ತ_ಮೇಷ್ಟ್ರು_ಶಿವಮೊಗ್ಗ

ತುಂಬ ಒಳ್ಳೆಯ ಆಕ್ಷೇಪ. ಇದಕ್ಕೆ ಉತ್ತರಿಸದೆ ಮುಂದೆ ಹೋದರೆ ನನ್ನ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ.

ನಾಮಪದವನ್ನಿಟ್ಟು ನೋಡುವ ಪರೀಕ್ಷೆಯಿಂದ ತಿಳಿಯುವುದು ಇಷ್ಟೇ: ಆ ಕ್ರಿಯಾಪದದ ಜೊತೆಗೆ ಪ್ರೆಪೊಸಿಷನ್ ಆದ ‘ಟು’ ಬರಬಲ್ಲದು. ಅದೇ ಕ್ರಿಯಾಪದ ಇನ್ನೊಂದು ‘ಟು’ವನ್ನೂ ಸೇರಿಸಿಕೊಳ್ಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. ‘ಅಗ್ರೀ’ ಎರಡನ್ನೂ ಸೇರಿಸಿಕೊಳ್ಳುತ್ತದೆ. ನಾಮಪದ ಬಂದಾಗ ಒಂದು ‘ಟು’, ‘ಪೇ’ ಎಂಬ ಕ್ರಿಯಾಪದ ಬಂದಾಗ ಇನ್ನೊಂದು ‘ಟು’. ‘ಲುಕ್ ಫಾರ್ವರ್ಡ್’ ಸೇರಿಸಿಕೊಳ್ಳುವುದು ಒಂದನ್ನು ಮಾತ್ರ. ‘ಆಬ್ಜೆಕ್ಟ್ ಟು’, ‘ರಿಸಾರ್ಟ್ ಟು’ ಕೂಡ ಇದೇ ಗುಂಪಿನವು. ‘ಹಿ ಆಬ್ಜೆಕ್ಟೆಡ್ ಟು ಪೇಯಿಂಗ್’ ಎಂಬುದು ಸರಿ. ಯಾವ ಕ್ರಿಯಾಪದಕ್ಕೆ ಯಾವ ‘ಟು’ ಎಂಬುದನ್ನು ಒಳ್ಳೆಯ ನಿಘಂಟು ಉದಾಹರಣೆಗಳ ಮೂಲಕ ತೋರಿಸಿಕೊಡುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಅರ್ಥ ನೋಡಿದೊಡನೆ ನಿಘಂಟನ್ನು ಮುಚ್ಚಿಬಿಡಬಾರದು, ಕೆಳಗಿರುವ ಉದಾಹರಣೆ ವಾಕ್ಯವನ್ನೂ ಓದಬೇಕು.

‘ಯೂಸ್ಡ್ ಟು’ ವಿಷಯದಲ್ಲಿ ನೀವು ನೋಡಿದ ಎರಡೂ ಸರಿ, ಆದರೆ ಅವುಗಳ ಅರ್ಥ ಬೇರೆ ಬೇರೆ. ‘ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ’ ಎಂದರೆ ನಾನು ಮೊದಲೆಲ್ಲ ಬೇಗ ಏಳುತ್ತಿದ್ದೆ ಎಂದು. ಈಗ ಹಾಗಿಲ್ಲ ಎಂಬ ಧ್ವನಿ ಅದರಲ್ಲಿದೆ. ‘ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’ ಎಂದರೆ ಬೇಗ ಏಳುವುದು ನನಗೆ ರೂಢಿಯಾಗಿದೆ ಎಂದು. ಎರಡನೆಯದರಲ್ಲಿ ‘ಐ ಆಮ್’ ಇರುವುದನ್ನು ಗಮನಿಸಿ. ‘ಐ ಆಮ್ ಯೂಸ್ಡ್ ಟು ದಿಸ್ ಕ್ಲೈಮೇಟ್’ ಎನ್ನಬಹುದಾದ್ದರಿಂದ ಅಲ್ಲಿರುವುದು ಪ್ರೆಪೊಸಿಷನ್.

ಭಾಷಾ_ವಿದ್ಯಾರ್ಥಿ

ಮೇಷ್ಟ್ರು ಹೇಳಿದ ‘ಎರಡು ವೇಷ’ದ ಹಿಂದೆ ಒಂದು ಚರಿತ್ರೆ ಇದೆ, ಅದನ್ನು ತಿಳಿದರೆ ನಮ್ಮ ಗೊಂದಲ ಸಹಜವಾದದ್ದೇ ಎಂಬುದೂ ಅರ್ಥವಾಗುತ್ತದೆ.

ಮೂಲದಲ್ಲಿ ಎರಡು ‘ಟು’ಗಳಿರಲಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕಿಂತ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಟು’ ಪ್ರೆಪೊಸಿಷನ್ ಆಗಿಯೇ ಇತ್ತು. ಕ್ರಿಯಾಪದದೊಡನೆ ಬಂದಾಗ ಆ ಕ್ರಿಯಾಪದಕ್ಕೆ ‘ಎನ್ನೆ’ ಎಂಬ ವಿಭಕ್ತಿ ರೂಪದ ಕೊನೆ ಸೇರುತ್ತಿತ್ತು. ‘ಹಾಡಲಿಕ್ಕೆ’ ಎನ್ನಲು ಆ ಕಾಲದವರು ‘ಟೋ ಸಿಂಗೆನ್ನೆ’ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಆ ಕೊನೆ ಸವೆದುಹೋಗಿ ‘ಟು ಸಿಂಗ್’ ಎಂಬುದಷ್ಟೇ ಉಳಿಯಿತು, ‘ಟು’ ಎಂಬುದು ಕ್ರಿಯಾಪದದ ಗುರುತೇ ಆಗಿಬಿಟ್ಟಿತು. ಸ್ಥಳ, ವ್ಯಕ್ತಿ, ವಸ್ತುಗಳ ಹಿಂದೆ ನಿಲ್ಲುವ ‘ಟು’ ಮಾತ್ರ ತನ್ನ ಹಳೆಯ ಕೆಲಸವನ್ನು ಮುಂದುವರಿಸಿತು.

‘ಇಂಗ್’ ಕಥೆ ಇದರ ತಿರುವುಮುರುವು. ಈಗ ಒಂದೇ ಆಗಿ ಕಾಣುವ ‘ಇಂಗ್’ ಹಿಂದೆ ಎರಡಾಗಿತ್ತು. ಕ್ರಿಯಾಪದದಿಂದ ನಾಮಪದ ಮಾಡಲು ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯವಿತ್ತು. ‘ಮಾಡುತ್ತಿರುವ’ ಎಂಬ ಅರ್ಥಕ್ಕೆ ‘ಎಂಡೆ’ ಎಂಬ ಬೇರೆಯೇ ಪ್ರತ್ಯಯವಿತ್ತು. 1100ರ ನಂತರದ ಕೆಲವು ಶತಮಾನಗಳಲ್ಲಿ ಇವೆರಡೂ ‘ಇಂಗ್’ ಎಂಬ ಒಂದೇ ರೂಪಕ್ಕೆ ಬಂದವು. ಹೀಗಾಗಿ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂಬ ವಾಕ್ಯದಲ್ಲಿ ‘ಲುಕಿಂಗ್’ ಎಂಬುದು ನಡೆಯುತ್ತಿರುವ ಕ್ರಿಯೆ, ‘ಮೀಟಿಂಗ್’ ಎಂಬುದು ನಾಮಪದದ ಸಂತತಿ. ಒಂದೇ ವಾಕ್ಯದಲ್ಲಿ ಎರಡು ಸಲ ‘ಇಂಗ್’ ಬಂದಿದೆ, ಇದು ತಪ್ಪಿರಬೇಕು ಎಂದು ಹಲವರು ಅದನ್ನು ತೆಗೆದುಹಾಕುವುದುಂಟು. ಆ ಭಯಕ್ಕೆ ಕಾರಣವಿಲ್ಲ.

ನಮ್ಮ ಭಾಷೆಗೆ ಬರೋಣ. ಶಾಲೆಯ ವ್ಯಾಕರಣದಲ್ಲಿ ‘ನೋಡಲು’, ‘ನೋಡಲಿಕ್ಕೆ’ ಎಂಬುವನ್ನು ಕೃದಂತಾವ್ಯಯ ಎಂದೂ ‘ನೋಡುವಿಕೆ’, ‘ನೋಟ’ ಎಂಬುವನ್ನು ಕೃದಂತ ಭಾವನಾಮ ಎಂದೂ ಓದಿದ್ದೇವೆ. ‘ನೋಡಲಿಕ್ಕೆ’ ಎಂಬುದರಲ್ಲೂ ಚತುರ್ಥಿಯ ‘ಕ್ಕೆ’ ಅಡಗಿದೆ. ಆಡುಮಾತಿನ ‘ನೋಡೋಕೆ’ ಎಂಬುದಂತೂ ‘ನೋಡುವುದಕ್ಕೆ’ ಎಂಬುದೇ ಸವೆದು ಬಂದ ರೂಪ. ‘ನಿಮ್ಮನ್ನು ನೋಡುವುದಕ್ಕೆ ಬಂದೆ’ ಎಂಬುದಕ್ಕೂ ‘ನಿಮ್ಮನ್ನು ನೋಡುವುದಕ್ಕೆ ಕಾದಿದ್ದೇನೆ’ ಎಂಬುದಕ್ಕೂ ನಾವು ಒಂದೇ ರೂಪವನ್ನು ಬಳಸುತ್ತೇವೆ. ಮನಸ್ಸಿನಲ್ಲಿ ‘ನೋಡೋಕೆ’ ಎಂದುಕೊಂಡು ಇಂಗ್ಲಿಷಿನಲ್ಲಿ ಬರೆಯಹೊರಟವರ ಲೇಖನಿಯಿಂದ ‘ಟು ಮೀಟ್’ ಹೊರಬರುವುದು ಆಶ್ಚರ್ಯವಲ್ಲ.

ಆದರೆ ಕನ್ನಡದಲ್ಲಿಯೇ ಇನ್ನೊಂದು ಕ್ರಿಯಾಪದವಿದೆ, ಅದು ಇಲ್ಲಿ ತುಂಬ ನೆರವಾಗುತ್ತದೆ: ‘ಎದುರುನೋಡು’. ನಾವು ‘ನಿಮ್ಮ ಭೇಟಿಯನ್ನು ಎದುರುನೋಡುತ್ತಿದ್ದೇನೆ’ ಎನ್ನುತ್ತೇವೆ, ‘ನೀವು ಬರುವುದನ್ನು ಎದುರುನೋಡುತ್ತಿದ್ದೇನೆ’ ಎನ್ನುತ್ತೇವೆ. ‘ಭೇಟಿಯಾಗಲು ಎದುರುನೋಡುತ್ತಿದ್ದೇನೆ’ ಎಂದರೆ ಪಳಗಿದ ಕಿವಿಗೆ ಒರಟಾಗಿ ಕೇಳಿಸುತ್ತದೆ. ಎದುರುನೋಡುವುದಕ್ಕೆ ಏನಾದರೊಂದು ‘ಅನ್ನು’ ಬೇಕು. ಇಂಗ್ಲಿಷಿನ ಈ ಪದಗುಚ್ಛ ಕೇಳುವುದೂ ಅದನ್ನೇ. ಮನಸ್ಸಿನಲ್ಲಿ ‘ಭೇಟಿಯಾಗುವುದನ್ನು’ ಎಂದುಕೊಂಡವರು ‘ಮೀಟಿಂಗ್’ ಎಂದೇ ಬರೆಯುತ್ತಾರೆ.

ಹೇಮಾವತಿ_ಹಾಸನ

‘ಎದುರುನೋಡು’ ಎಂಬುದನ್ನಿಟ್ಟು ನೋಡುವ ಈ ಉಪಾಯ ಸೂತ್ರಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಇಂದೇ ಹೇಳಿಕೊಟ್ಟೆ.

ಬರಹಗಾರ್ತಿ_ಬೆಂಗಳೂರು

ನಾನು ತಂತ್ರಾಂಶ ಸಂಸ್ಥೆಯೊಂದರಲ್ಲಿ ತಾಂತ್ರಿಕ ಬರಹಗಾರ್ತಿ; ಹಲವು ತಂಡಗಳು ಗ್ರಾಹಕರಿಗೆ ಕಳುಹಿಸುವ ಮಿಂಚಂಚೆಗಳ ಕರಡನ್ನು ತಿದ್ದುವುದೂ ನನ್ನ ಕೆಲಸದ ಭಾಗ. ನನ್ನ ಅನುಭವದಲ್ಲಿ ‘ಟು ಮೀಟ್’ ಎಂಬುದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ತಪ್ಪು ಬೇರೆ ಇದೆ, ಅದರ ಬಗ್ಗೆ ಯಾರೂ ಪ್ರಸ್ತಾಪಿಸಿಲ್ಲ. ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಎಂದು ‘ಟು’ ಇರಬೇಕಾದಲ್ಲಿ ‘ಫಾರ್’ ಬರೆಯುವುದು ನಮ್ಮ ಕಡೆ ಬಹಳ ಸಾಮಾನ್ಯ.

ಇದರ ಮೂಲವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕನ್ನಡದಲ್ಲಿ ‘ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಎನ್ನುತ್ತೇವೆ. ‘ಕ್ಕಾಗಿ’ ಎಂಬುದು ಇಂಗ್ಲಿಷಿಗೆ ಹೋದರೆ ‘ಫಾರ್’. ‘ವೇಟ್ ಫಾರ್’, ‘ಹೋಪ್ ಫಾರ್’, ‘ಲುಕ್ ಫಾರ್’ ಎಂಬ ಬಳಕೆಗಳೂ ಮೊದಲೇ ನಾಲಿಗೆಯ ಮೇಲಿರುತ್ತವೆ. ಇವೆಲ್ಲವೂ ಸೇರಿಕೊಂಡು ‘ಲುಕಿಂಗ್ ಫಾರ್ವರ್ಡ್ ಫಾರ್’ ಎಂಬ ಇಲ್ಲದ ಬಳಕೆಯೊಂದನ್ನು ಹುಟ್ಟಿಸುತ್ತವೆ. ‘ವೇಟಿಂಗ್ ಫಾರ್ ಯುವರ್ ರಿಪ್ಲೈ’ ಎಂದು ಬರೆದರೆ ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಅದರಲ್ಲಿ ‘ನೀವು ತಡಮಾಡುತ್ತಿದ್ದೀರಿ’ ಎಂಬ ಆತುರ ಇಣುಕುತ್ತದೆ. ಗೌರವ ಉಳಿಸಿಕೊಂಡು ಬರೆಯಬೇಕಾದಲ್ಲಿ ‘ಲುಕ್ ಫಾರ್ವರ್ಡ್ ಟು’ ಎಂಬುದೇ ಮೇಲು.

‘ಟು’ವನ್ನೇ ಬಿಟ್ಟು ‘ಲುಕಿಂಗ್ ಫಾರ್ವರ್ಡ್ ಯುವರ್ ರಿಪ್ಲೈ’ ಎಂದು ಬರೆಯುವುದೂ ತಪ್ಪು. ಆದರೆ ‘ಟು’ ಇಲ್ಲದ ‘ಲುಕಿಂಗ್ ಫಾರ್ವರ್ಡ್’ ಎಂಬುದು ಕಂಪನಿಗಳ ವಾರ್ಷಿಕ ವರದಿಯಲ್ಲಿ ವಾಕ್ಯದ ಆರಂಭದಲ್ಲಿ ಬಂದರೆ ತಿದ್ದಲು ಹೋಗಬೇಡಿ. ಅಲ್ಲಿ ಅದರ ಅರ್ಥ ‘ಮುಂದಿನ ದಿನಗಳನ್ನು ನೋಡಿದರೆ’ ಎಂದು. ಅದು ಬೇರೆಯದೇ ಬಳಕೆ.

ನೇತ್ರಾವತಿ_ಲೀಡ್ಸ್

ನಾನು ಮಂಗಳೂರಿನವಳು, ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದೇನೆ. ಇದುವರೆಗಿನ ಚರ್ಚೆಯೆಲ್ಲ ವ್ಯಾಕರಣದ ಮೇಲೆ ನಡೆದಿದೆ, ಅದು ಅಗತ್ಯವೂ ಹೌದು. ಆದರೆ ಈ ಪದಗುಚ್ಛವನ್ನು ವ್ಯಾಕರಣಬದ್ಧವಾಗಿ ಬರೆದೂ ತಪ್ಪು ಜಾಗದಲ್ಲಿ ಬಳಸಲು ಸಾಧ್ಯವಿದೆ ಎಂಬುದನ್ನು ಹೇಳಬೇಕೆನಿಸಿತು.

ಇಲ್ಲಿಯ ಜನ ‘ಲುಕ್ ಫಾರ್ವರ್ಡ್ ಟು’ ಎಂದಾಗ ಅದರೊಳಗೆ ಸಂತೋಷವಿರುತ್ತದೆ. ರಜೆಯನ್ನು, ಮೊಮ್ಮಗುವಿನ ಹುಟ್ಟುಹಬ್ಬವನ್ನು, ಹಳೆಯ ಸ್ನೇಹಿತರ ಭೇಟಿಯನ್ನು ಅವರು ‘ಲುಕ್ ಫಾರ್ವರ್ಡ್’ ಮಾಡುತ್ತಾರೆ. ನಮ್ಮ ‘ಎದುರುನೋಡು’ ಹಾಗಲ್ಲ. ಫಲಿತಾಂಶವನ್ನೂ ಎದುರುನೋಡುತ್ತೇವೆ, ನ್ಯಾಯಾಲಯದ ತೀರ್ಪನ್ನೂ ಎದುರುನೋಡುತ್ತೇವೆ, ಅದು ನಮಗೆ ಒಳ್ಳೆಯದೇ ಆಗಬೇಕೆಂದೇನಿಲ್ಲ. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಓದುವವರ ಮನಸ್ಸಿಗೆ ನೋವಾಗಬಹುದು.

ಭಾರತದಿಂದ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ರೋಗಿಯೊಬ್ಬರಿಗೆ ಕಳುಹಿಸಬೇಕಾದ ಪತ್ರದ ಕರಡನ್ನು ಒಮ್ಮೆ ನನಗೆ ತೋರಿಸಿದರು. ಅದರ ಕೊನೆಯ ಸಾಲು ‘ವಿ ಲುಕ್ ಫಾರ್ವರ್ಡ್ ಟು ಯುವರ್ ಆಪರೇಷನ್’ ಎಂದಿತ್ತು. ವ್ಯಾಕರಣದಲ್ಲಿ ದೋಷವಿಲ್ಲ, ಬರೆದವರ ಮನಸ್ಸಿನಲ್ಲಿ ಇದ್ದದ್ದೂ ಸೌಜನ್ಯವೇ. ಆದರೆ ಶಸ್ತ್ರಚಿಕಿತ್ಸೆಗೆ ಹೆದರಿ ಕುಳಿತಿರುವ ಮನುಷ್ಯನಿಗೆ ‘ನಿಮ್ಮ ಶಸ್ತ್ರಚಿಕಿತ್ಸೆಗಾಗಿ ನಾವು ಸಂತೋಷದಿಂದ ಕಾಯುತ್ತಿದ್ದೇವೆ’ ಎಂದು ಹೇಳಿದಂತಾಗುತ್ತದೆ. ನಾವಿಬ್ಬರೂ ಕುಳಿತು ಆ ಸಾಲನ್ನು ತೆಗೆದು, ಶಸ್ತ್ರಚಿಕಿತ್ಸೆಯ ದಿನಾಂಕವನ್ನೂ ಏನಾದರೂ ಕೇಳುವುದಿದ್ದರೆ ಯಾರನ್ನು ಸಂಪರ್ಕಿಸಬೇಕೆಂಬುದನ್ನೂ ನೇರವಾಗಿ ಬರೆದೆವು.

ಸಾವಿನ ಮನೆಯವರಿಂದ ದಾಖಲೆ ಕೇಳುವಾಗ, ಸಿಬ್ಬಂದಿಯಿಂದ ರಾಜೀನಾಮೆ ಪತ್ರ ಕೇಳುವಾಗ, ದೂರಿಗೆ ಸಮಜಾಯಿಷಿ ಕೇಳುವಾಗ ಈ ಪದಗುಚ್ಛ ಸಲ್ಲುವುದಿಲ್ಲ. ‘ಹಿಯರಿಂಗ್ ಫ್ರಮ್ ಯು’ ಎಂದು ಪತ್ರ ಮುಗಿಸುವುದು ಈಗ ಕೇವಲ ಶಿಷ್ಟಾಚಾರವಾಗಿರುವುದರಿಂದ ಅಲ್ಲಿ ಸಂತೋಷದ ಪಾಲು ತೆಳುವಾಗಿದೆ ಎನ್ನಬಹುದು. ಆದರೂ ದುಃಖದ ಪತ್ರಕ್ಕೆ ಅದನ್ನೂ ಬಳಸದಿರುವುದೇ ಲೇಸು.

ಹೇಮಾವತಿ_ಹಾಸನ

ನೇತ್ರಾವತಿಯವರ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಸಾಗಣೆಯಲ್ಲಿ ಹಾನಿಯಾದ ಸರಕಿನ ಬಗ್ಗೆ ಬರೆಯುವಾಗಲೂ ನಾವು ಇದೇ ಸಾಲನ್ನು ಹಾಕುತ್ತಿದ್ದೇವೆ, ಅದನ್ನು ಬದಲಿಸಬೇಕು.

ಇನ್ನೊಂದು ಪ್ರಶ್ನೆ ಉಳಿದಿದೆ. ‘ವಿ ಲುಕ್’ ಎಂದು ಬರೆಯಬೇಕೇ, ‘ವಿ ಆರ್ ಲುಕಿಂಗ್’ ಎಂದು ಬರೆಯಬೇಕೇ? ಕೆಲವರು ಕರ್ತೃಪದವನ್ನೇ ಬಿಟ್ಟು ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದು ಬರೆದು, ಅಲ್ಪವಿರಾಮ ಹಾಕಿ, ಅದರ ಕೆಳಗೆ ‘ಯುವರ್ಸ್ ಫೇತ್‌ಫುಲಿ’ ಎಂದು ಸಹಿ ಮಾಡುತ್ತಾರೆ. ಇದು ಸರಿಯೇ?

ಕಡತ_ಶಾಖೆ

ಈ ಪ್ರಶ್ನೆಗೆ ನಾನು ಉತ್ತರಿಸಬಹುದು. ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆಯೇ ನನ್ನ ಸೇವಾವಧಿ ಕಳೆದಿದೆ.

ಆ ಅಲ್ಪವಿರಾಮ ಹಿಂದಿನ ಕಾಲದ ಪತ್ರಶೈಲಿಯ ಉಳಿಕೆ. ಬ್ರಿಟಿಷರ ಕಾಲದ ಪತ್ರಗಳ ಕೊನೆಯ ವಾಕ್ಯ ಸಹಿಯೊಂದಿಗೆ ಕೂಡಿಕೊಂಡಿರುತ್ತಿತ್ತು. ‘ನಿಮ್ಮ ಉತ್ತರವನ್ನು ಎದುರುನೋಡುತ್ತಾ, ಮಹಾಶಯರೇ, ನಾನು ನಿಮ್ಮ ವಿಧೇಯ ಸೇವಕನಾಗಿ ಉಳಿಯುತ್ತೇನೆ’ ಎಂಬ ಅರ್ಥದಲ್ಲಿ ‘ಐ ರಿಮೇನ್, ಸರ್, ಯುವರ್ ಒಬೀಡಿಯಂಟ್ ಸರ್ವೆಂಟ್’ ಎಂದು ಮುಗಿಸಿ ಅದರ ಕೆಳಗೆ ಹೆಸರು ಬರೆಯುತ್ತಿದ್ದರು. ಅಲ್ಲಿ ‘ಲುಕಿಂಗ್ ಫಾರ್ವರ್ಡ್’, ‘ಹೋಪಿಂಗ್’, ‘ಥ್ಯಾಂಕಿಂಗ್ ಯು’ ಎಂಬ ಪದಗಳು ಮುಂದೆ ಬರುವ ‘ಐ ರಿಮೇನ್’ ಎಂಬ ಮುಖ್ಯ ಕ್ರಿಯಾಪದಕ್ಕೆ ಜೋಡಿಸಿಕೊಂಡಿದ್ದವು. ಕಾಲ ಬದಲಾದಾಗ ‘ಐ ರಿಮೇನ್’ ಎಂಬುದೂ ವಿಧೇಯ ಸೇವಕನೂ ಪತ್ರದಿಂದ ಮರೆಯಾದರು. ಜೋಡಿಸಿಕೊಂಡಿದ್ದ ಭಾಗ ಮಾತ್ರ ಅಲ್ಪವಿರಾಮದೊಂದಿಗೆ ಉಳಿದುಕೊಂಡಿತು. ನಮ್ಮ ಅರ್ಜಿಗಳ ಕೊನೆಯಲ್ಲಿ ಇಂದಿಗೂ ಬರುವ ‘ಥ್ಯಾಂಕಿಂಗ್ ಯು’ ಹೀಗೆ ಉಳಿದದ್ದೇ. ವ್ಯಾಕರಣದ ದೃಷ್ಟಿಯಿಂದ ಅದು ಪೂರ್ಣ ವಾಕ್ಯವಲ್ಲ. ಕನ್ನಡದಲ್ಲಿ ‘ತಮಗೆ ವಂದಿಸುತ್ತಾ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದರೆ ವಾಕ್ಯ ಹೇಗೆ ಅಪೂರ್ಣವೋ ಇದೂ ಹಾಗೆಯೇ.

ಆದ್ದರಿಂದ ಔಪಚಾರಿಕ ಪತ್ರದಲ್ಲಿ ‘ವಿ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದು ಕರ್ತೃಪದ ಸಹಿತ ಬರೆದು ಪೂರ್ಣವಿರಾಮ ಹಾಕಿ, ಸಹಿಯನ್ನು ಬೇರೆ ಸಾಲಿನಲ್ಲಿ ಆರಂಭಿಸುವುದು ಒಳ್ಳೆಯದು. ‘ವಿ ಆರ್ ಲುಕಿಂಗ್’ ಎಂಬುದು ತಪ್ಪಲ್ಲ. ಅದರಲ್ಲಿ ಸ್ವಲ್ಪ ಹೆಚ್ಚು ಆಪ್ತತೆ ಇದೆ. ಮೊದಲ ಪರಿಚಯದ ಖರೀದಿದಾರರಿಗೆ ‘ವಿ ಲುಕ್’ ಎನ್ನಿ. ಹತ್ತಾರು ಪತ್ರಗಳು ಓಡಾಡಿದ ಮೇಲೆ ‘ವಿ ಆರ್ ಲುಕಿಂಗ್’ ಎಂದರೂ ಚೆಂದವೇ. ಕರ್ತೃಪದ ಬಿಟ್ಟ ರೂಪ ಗೆಳೆಯರ ನಡುವಿನ ಸಂದೇಶಗಳಲ್ಲಿ ಇರಲಿ.

ಮುಕ್ತ_ಓದುಗ

ಎಲ್ಲರ ವಿವರಣೆಯನ್ನೂ ಗೌರವದಿಂದ ಓದಿದ್ದೇನೆ. ಆದರೆ ನನ್ನದು ಬೇರೆ ಅಭಿಪ್ರಾಯ. ಇಂಗ್ಲಿಷ್ ಈಗ ನಮ್ಮ ನೆಲದ ಭಾಷೆಯೂ ಹೌದು. 1967ರ ತಿದ್ದುಪಡಿಯೊಂದಿಗೆ ಅಧಿಕೃತ ಭಾಷಾ ಕಾಯಿದೆಯೇ ಕೇಂದ್ರದ ವ್ಯವಹಾರದಲ್ಲಿ ಅದಕ್ಕೆ ಸ್ಥಾನ ಉಳಿಸಿಕೊಟ್ಟಿದೆ. ‘ಪ್ರಿಪೋನ್’ ಎಂಬ ಪದವನ್ನು ನಾವು ಬಳಸಿ ಬಳಸಿ ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿತು. ಕೋಟ್ಯಂತರ ಭಾರತೀಯರು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುವಾಗ, ಓದುವವರಿಗೆ ಅರ್ಥವೂ ಆಗುವಾಗ, ಅದನ್ನು ಭಾರತೀಯ ಇಂಗ್ಲಿಷಿನ ಒಂದು ರೂಪವೆಂದು ಒಪ್ಪಿಕೊಳ್ಳಬಾರದೇಕೆ? ಹಳ್ಳಿಯಿಂದ ಬಂದ ಹುಡುಗ ಹುಡುಗಿಯರನ್ನು ಒಂದು ‘ಇಂಗ್’ ಕಾರಣಕ್ಕೆ ಕೀಳಾಗಿ ಕಾಣುವುದು ನನಗೆ ಸರಿ ಕಾಣುವುದಿಲ್ಲ.

ಬರಹಗಾರ್ತಿ_ಬೆಂಗಳೂರು

ನಿಮ್ಮ ಕೊನೆಯ ವಾಕ್ಯವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಒಬ್ಬರ ಯೋಗ್ಯತೆಯನ್ನು ಇಂಥ ತಪ್ಪಿನಿಂದ ಅಳೆಯುವುದು ಅನ್ಯಾಯ. ಆದರೆ ಅದೇ ಕಾಳಜಿ ನನ್ನನ್ನು ನಿಮಗಿಂತ ಬೇರೆ ತೀರ್ಮಾನಕ್ಕೆ ತರುತ್ತದೆ.

‘ಪ್ರಿಪೋನ್’ ಪದ ಒಂದು ಕೊರತೆಯನ್ನು ತುಂಬಿತು. ಸಭೆಯನ್ನು ಮುಂದೂಡಲು ‘ಪೋಸ್ಟ್‌ಪೋನ್’ ಇತ್ತು, ಹಿಂದಕ್ಕೆ ತರಲು ಅಷ್ಟು ಚಿಕ್ಕ ಪದವಿರಲಿಲ್ಲ. ನಮ್ಮವರು ಬಳಕೆಗೆ ತಂದರು, ಅದು ನಿಂತಿತು. ‘ಟು ಮೀಟ್’ ಎಂಬುದರಿಂದ ಹೊಸ ಅರ್ಥವೇನೂ ಹುಟ್ಟುವುದಿಲ್ಲ. ‘ಮೀಟಿಂಗ್’ ಹೇಳುವುದನ್ನೇ ಅದೂ ಹೇಳುತ್ತದೆ, ಆದರೆ ಬರೆದವರಿಗೆ ನಷ್ಟ ತರುತ್ತದೆ. ಹೊರದೇಶಕ್ಕೆ ಹೋಗಬಯಸುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ವಿಭಾಗದ ಬರವಣಿಗೆಯಲ್ಲಿ ಮೊದಲ ಪ್ರಶ್ನೆಯೇ ಕನಿಷ್ಠ 150 ಪದಗಳ ಪತ್ರ. ಆ ಪತ್ರವನ್ನು ಮುಗಿಸಲು ಅಭ್ಯರ್ಥಿಗಳು ಆಶ್ರಯಿಸುವುದು ಈ ಸಾಲನ್ನೇ. ವ್ಯಾಕರಣಕ್ಕೂ ಅಂಕವಿರುವ ಪರೀಕ್ಷೆಯಲ್ಲಿ, ಕೆಲಸದ ಅರ್ಜಿಯಲ್ಲಿ, ವಿಶ್ವವಿದ್ಯಾಲಯಕ್ಕೆ ಬರೆಯುವ ಪತ್ರದಲ್ಲಿ ಇದು ತಪ್ಪೆಂದೇ ಎಣಿಕೆಯಾಗುತ್ತದೆ. ಉಳ್ಳವರ ಮಕ್ಕಳಿಗೆ ಇದನ್ನು ಮನೆಯಲ್ಲೋ ದುಬಾರಿ ಶಾಲೆಯಲ್ಲೋ ಯಾರಾದರೂ ಹೇಳಿಕೊಟ್ಟಿರುತ್ತಾರೆ. ಹಳ್ಳಿಯ ಮಕ್ಕಳಿಗೆ ‘ಹಾಗೇ ಬರೆಯಿರಿ, ಪರವಾಗಿಲ್ಲ’ ಎಂದು ಹೇಳಿಬಿಟ್ಟರೆ ಅವರು ಆ ನಷ್ಟವನ್ನು ಕಾರಣ ತಿಳಿಯದೆಯೇ ಹೊರಬೇಕಾಗುತ್ತದೆ.

ಮಾತಿನಲ್ಲಿ ಯಾರಾದರೂ ‘ಟು ಮೀಟ್’ ಎಂದರೆ ನಾನು ತಿದ್ದುವುದಿಲ್ಲ. ಬರವಣಿಗೆಯಲ್ಲಿ ತಿದ್ದುತ್ತೇನೆ, ತಿದ್ದಿದ ಕಾರಣವನ್ನೂ ಪಕ್ಕದಲ್ಲಿ ಬರೆಯುತ್ತೇನೆ.

ಮುಕ್ತ_ಓದುಗ

ಕಾರಣ ಬರೆದು ತಿದ್ದುವುದಾದರೆ ನನ್ನ ಆಕ್ಷೇಪವಿಲ್ಲ. ಪರೀಕ್ಷೆಯ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಭಾರತೀಯ ಇಂಗ್ಲಿಷಿನ ವಿಷಯದಲ್ಲಿ ನನ್ನ ನಿಲುವು ಹಾಗೆಯೇ ಇದೆ.

ತುಮಕೂರು_ಪದವೀಧರ

‘ವಿ ಲುಕ್ ಫಾರ್ವರ್ಡ್ ಟು ಯು ಕಮಿಂಗ್’ ಎಂದೋ, ‘ಯುವರ್ ಕಮಿಂಗ್’ ಎಂದೋ? ಎರಡನ್ನೂ ಪುಸ್ತಕಗಳಲ್ಲಿ ಕಂಡಿದ್ದೇನೆ.

ನಿವೃತ್ತ_ಮೇಷ್ಟ್ರು_ಶಿವಮೊಗ್ಗ

ಎರಡೂ ಬಳಕೆಯಲ್ಲಿವೆ. ‘ಕಮಿಂಗ್’ ನಾಮಪದದಂತಿರುವುದರಿಂದ ‘ನಿಮ್ಮ ಬರುವಿಕೆ’ ಎಂಬ ಲೆಕ್ಕದಲ್ಲಿ ‘ಯುವರ್ ಕಮಿಂಗ್’ ಎಂಬುದು ಸಂಪ್ರದಾಯಬದ್ಧ. ಮಾತಿಗೆ ಹತ್ತಿರದ ಬರವಣಿಗೆಯಲ್ಲಿ ‘ಯು ಕಮಿಂಗ್’ ಎಂಬುದೇ ಹೆಚ್ಚು. ಔಪಚಾರಿಕ ಪತ್ರದಲ್ಲಿ ‘ಯುವರ್ ವಿಸಿಟ್’ ಎಂದು ನೇರ ನಾಮಪದವನ್ನೇ ಬರೆದರೆ ಈ ಆಯ್ಕೆಯೇ ಬೇಕಾಗುವುದಿಲ್ಲ.

ಹೇಮಾವತಿ_ಹಾಸನ

ನಮ್ಮ ವ್ಯವಸ್ಥಾಪಕರಿಗೆ ಮೇಷ್ಟ್ರು ಹೇಳಿದ ನಾಮಪದದ ಪರೀಕ್ಷೆಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಎರಡು ವಾಕ್ಯಗಳನ್ನೂ ಗಟ್ಟಿಯಾಗಿ ಓದಿ ಒಪ್ಪಿಕೊಂಡರು. ಆಮೇಲೆ ಅವರೇ ಇನ್ನೊಂದು ಒಳ್ಳೆಯ ಮಾತು ಹೇಳಿದರು: ವರದಿ ಯಾವ ದಿನಾಂಕದೊಳಗೆ ಬೇಕೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲವಲ್ಲ, ‘ಲುಕ್ ಫಾರ್ವರ್ಡ್’ ಎಂದಷ್ಟೇ ಬರೆದರೆ ಅವರಿಗೆ ಹೇಗೆ ತಿಳಿಯಬೇಕು ಎಂದರು. ಈಗ ದಿನಾಂಕವನ್ನು ಬೇರೆ ವಾಕ್ಯದಲ್ಲಿ ಸ್ಪಷ್ಟವಾಗಿ ಕೋರಿ, ಅದಾದ ಮೇಲೆ ‘ವಿ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಯುವರ್ ರಿಪೋರ್ಟ್’ ಎಂದು ಪತ್ರ ಮುಗಿಸಿದ್ದೇವೆ.

ಕಡತ_ಶಾಖೆ

ಮೇಷ್ಟ್ರಿಗೆ ನನ್ನದೂ ಒಂದು ಪ್ರಶ್ನೆ. ಆದೇಶಗಳಲ್ಲಿ ‘ವಿತ್ ಎ ವ್ಯೂ ಟು ಇಂಪ್ರೂವ್’ ಎಂಬ ಒಕ್ಕಣೆಯನ್ನು ನಾವು ಸದಾ ಬರೆಯುತ್ತೇವೆ. ಕಚೇರಿಗಳ ಫಲಕಗಳಲ್ಲಿ ‘ಕಮಿಟೆಡ್ ಟು ಸರ್ವ್’ ಎಂದಿರುವುದನ್ನೂ ನೋಡುತ್ತೇವೆ. ಇವುಗಳಿಗೂ ಇದೇ ನಿಯಮವೇ?

ನಿವೃತ್ತ_ಮೇಷ್ಟ್ರು_ಶಿವಮೊಗ್ಗ

ಹೌದು, ಇವೂ ಅದೇ ಗುಂಪಿನವು. ‘ವಿತ್ ಎ ವ್ಯೂ ಟು ಇಂಪ್ರೂವಿಂಗ್’ ಎಂಬುದು ಸರಿಯಾದ ರೂಪ. ಇಲ್ಲಿ ತಪ್ಪಾಗಲು ವಿಶೇಷ ಕಾರಣವಿದೆ: ಇದೇ ಅರ್ಥ ಕೊಡುವ ‘ಇನ್ ಆರ್ಡರ್ ಟು ಇಂಪ್ರೂವ್’ ಎಂಬುದರಲ್ಲಿ ಮೂಲ ಕ್ರಿಯಾರೂಪವೇ ಬರಬೇಕು. ಎರಡಕ್ಕೂ ಕನ್ನಡದಲ್ಲಿ ‘ಸುಧಾರಿಸುವ ಸಲುವಾಗಿ’ ಎಂದೇ ಬರೆಯುವುದರಿಂದ ಒಂದರ ರೂಪ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಅನುಮಾನ ಬಂದಾಗ ‘ಇನ್ ಆರ್ಡರ್ ಟು’ ಎಂಬುದನ್ನೇ ಬಳಸಿದರೆ ನಿಶ್ಚಿಂತೆ.

‘ಕಮಿಟೆಡ್ ಟು’ ಎಂಬುದಕ್ಕೂ ‘ಸರ್ವಿಂಗ್’ ಎಂದು ಬರೆಯುವುದೇ ಶಿಷ್ಟ ಬಳಕೆ. ಆದರೆ ಈ ಒಂದರಲ್ಲಿ ಮೂಲ ಕ್ರಿಯಾರೂಪವನ್ನು ಬಳಸುವವರು ಇಂಗ್ಲಿಷ್ ಮಾತೃಭಾಷೆಯವರಲ್ಲೂ ಇದ್ದಾರೆ. ಆದ್ದರಿಂದ ‘ಲುಕ್ ಫಾರ್ವರ್ಡ್ ಟು ಮೀಟ್’ ಎಂಬುದನ್ನು ತಿದ್ದುವಷ್ಟು ಖಚಿತವಾಗಿ ಇದನ್ನು ತಿದ್ದಲು ನಾನು ಹೋಗುವುದಿಲ್ಲ. ಹೊಸ ಫಲಕ ಬರೆಸುವ ಸಂದರ್ಭ ಬಂದರೆ ‘ಕಮಿಟೆಡ್ ಟು ಸರ್ವಿಂಗ್’ ಎಂದು ಬರೆಸಿ.